ಮುಚ್ಚಳ ಮುಚ್ಚಿದರೆ ಮಲಗಬೇಕು

ಎಲ್ವಿನ್ ಬುಷೇ ಸುಮ್ಮನೆ ಕೂತದ್ದನ್ನು ನಾನು ಕಂಡವನಲ್ಲ. ಎದುರು ಮನೆಯವನು, ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವನು, ಕಸುಬು ಒಲೆ ರಿಪೇರಿ. ವರ್ಮಾಂಟ್‌ನ ನಮ್ಮ ಹಾರ್ಲೋದಂಥ ಬೆಟ್ಟದೂರಲ್ಲಿ ಮನೆ ಬೆಚ್ಚಗಿಡುವ ನೆಲಮಾಳಿಗೆಯ ಎಣ್ಣೆ ಒಲೆ ಆರಿದರೆ ನೀರಿನ ಕೊಳವೆಗಳೆಲ್ಲ ಹೆಪ್ಪುಗಟ್ಟಿ ಒಡೆಯುತ್ತವೆ. ಹಾಗಾಗಿ ಚಳಿಗಾಲದಲ್ಲಿ ಪಾದ್ರಿಗಿಂತ ಅವನಿಗೇ ಹೆಚ್ಚು ಕರೆ. ಬಂದವನು ಒಲೆ ಸರಿಮಾಡಿ ಸುಮ್ಮನೆ ಹೋಗುತ್ತಿರಲಿಲ್ಲ. ಕೆಡದೇ ಇದ್ದ ಬಾಗಿಲ ಚಿಲಕವನ್ನೂ ಬಿಚ್ಚಿ, ಒಳಗೆ ಏನಿದೆ ಎಂದು ನೋಡಿ, ಮತ್ತೆ ಜೋಡಿಸಿಯೇ ಹೊರಡಬೇಕು. ಬಾಯಿಗೂ ಪುರುಸೊತ್ತಿಲ್ಲ. ಒಲೆಯೊಳಗೆ ತಲೆ ತೂರಿಸಿಕೊಂಡೇ ರಸ್ತೆಯ ಜಲ್ಲಿ, ಶಾಲೆಯ ಮಾಡು, ಯಾರ ನಾಯಿ ಯಾರ ಕೋಳಿ ಹಿಡಿಯಿತು, ಎಲ್ಲ ಹೇಳುತ್ತಿದ್ದ. ನಮಗೆ ಅರ್ಧ ಕೇಳಿಸಿದರೆ ಹೆಚ್ಚು.

ಇಂಥವನನ್ನು ಊರು ಹದಿನೆಂಟು ಹತ್ತೊಂಬತ್ತು ವರ್ಷ ಊರಸಭೆಯ ಅಧ್ಯಕ್ಷನನ್ನಾಗಿ ಇಟ್ಟುಕೊಂಡಿತ್ತು. ಅಧ್ಯಕ್ಷ ಎಂದರೆ ಊರಿನ ದೊರೆಯೇನಲ್ಲ. ಮಾರ್ಚ್ ತಿಂಗಳ ಆ ಒಂದು ಮಂಗಳವಾರ ಊರೆಲ್ಲ ಶಾಲೆಯ ಹಾಲ್‌ನಲ್ಲಿ ಕೂತು ರಸ್ತೆಗೆ ಎಷ್ಟು, ಬೆಂಕಿ ಆರಿಸುವ ಲಾರಿಗೆ ಎಷ್ಟು ಎಂದು ತೀರ್ಮಾನ ಮಾಡುವಾಗ, ಯಾರು ಮಾತಾಡಬೇಕು, ಯಾರು ಕೂರಬೇಕು ಎಂದು ಮರದ ಸುತ್ತಿಗೆ ಕುಟ್ಟಿ ಹೇಳುವವನು. ನಮ್ಮಲ್ಲಿ ತೀರ್ಮಾನವೆಲ್ಲ ದನಿಯ ಮೇಲೆ. ಬೇಕಾದವರು 'ಹೌದು' ಎಂದು ಕೂಗಬೇಕು, ಬೇಡದವರು 'ಇಲ್ಲ' ಎನ್ನಬೇಕು, ಯಾವ ಕಡೆ ಜಾಸ್ತಿ ಎಂದು ಅಧ್ಯಕ್ಷ ಕಿವಿಯಲ್ಲೇ ತೂಗಿ ಹೇಳಬೇಕು. ಒಪ್ಪದ ಏಳು ಜನ ಎದ್ದು ನಿಂತರೆ ಮಾತ್ರ ತಲೆ ಎಣಿಕೆ. ಎಲ್ವಿನ್ ಹೇಳಿದ ಮೇಲೆ ಎಣಿಸಿದ್ದು ಒಂದೆರಡು ಸಲವಷ್ಟೆ, ಆಗಲೂ ಅವನು ಹೇಳಿದ್ದೇ ಬಂತು. ಆಮೇಲೆ ಏಳು ಜನ ಎದ್ದದ್ದಿಲ್ಲ.

ಕಂಪ್ಯೂಟರ್ ವಿಷಯದಲ್ಲೂ ಅವನದು ಚಿಲಕ ಬಿಚ್ಚುವ ಚಾಳಿಯೇ. ಶಾಲೆಯವರು ಹಳತಾಯಿತೆಂದು ಬಿಸಾಡಲಿದ್ದ ಲ್ಯಾಪ್‌ಟಾಪ್ ಒಂದನ್ನು ತಂದು ಅದಕ್ಕೆ ಲಿನಕ್ಸ್ ಹಾಕಿದ್ದ. ಲಿನಕ್ಸ್ ಎಂದರೆ ಏನು ಎಂದು ಕೇಳಿ ಕೆಟ್ಟೆ, ನನ್ನ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ನನ್ನ ತಲೆಯಲ್ಲಿ ಉಳಿದದ್ದು ಇಷ್ಟು: ಅದು ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಅದರ ಪ್ರತಿಯೊಂದು ಸೆಟ್ಟಿಂಗೂ ಯಾವುದೋ ಫೈಲಿನಲ್ಲಿ ಓದಲು ಬರುವ ಅಕ್ಷರಗಳಲ್ಲಿ ಬರೆದಿರುತ್ತದೆ, ಯಜಮಾನ ಬೇಕಾದಾಗ ತೆರೆದು ತಿದ್ದಬಹುದು. ತಿದ್ದಬಹುದಾದ್ದನ್ನು ತಿದ್ದದೆ ಬಿಡುವ ಜಾಯಮಾನವೇ ಅಲ್ಲ ಅವನದು. ನಾವಿಬ್ಬರೂ ಸೇರಿ ಮೇಪಲ್ ಮರದ ರಸವನ್ನು ಪಾಕಕ್ಕೆ ಕಾಯಿಸುವ ಸಕ್ಕರೆಮನೆಯಲ್ಲಿ ಆ ಲ್ಯಾಪ್‌ಟಾಪನ್ನು ಒಂದು ಹಲಗೆಯ ಮೇಲೆ ಇಟ್ಟಿದ್ದ. ತೊಟ್ಟಿಯಲ್ಲಿ ರಸ ಎಷ್ಟಿದೆ ಎಂದು ನೋಡಿಕೊಳ್ಳುವುದು ಅದರ ಕೆಲಸ. ಒಳಗೆ ಹಬೆಯೋ ಹಬೆ, ಆದ್ದರಿಂದ ಮುಚ್ಚಳ ಮುಚ್ಚಿಯೇ ಇರುತ್ತಿತ್ತು.

ಹೋದ ವಸಂತದಲ್ಲಿ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ದೊಡ್ಡ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು.

ಮೊದಲು ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಗುಂಯ್‌ಗುಡುವ ಯಂತ್ರ ಕೊಟ್ಟಿದ್ದರು. ಅದನ್ನು ಹಚ್ಚಿದರೆ ನನ್ನ ನಾಯಿ ರಸ್ತೆಯ ಈಚೆಯಿಂದಲೇ ಬೊಗಳುತ್ತಿತ್ತು. ಎಲ್ವಿನ್ ಅದನ್ನು ಡ್ರಾಯರ್‌ಗೆ ತಳ್ಳಿ, ಸಕ್ಕರೆಮನೆಯಿಂದ ಲ್ಯಾಪ್‌ಟಾಪ್ ಇಳಿಸಿ, ಒರೆಸಿ, ಟೈಪ್ ಮಾಡಿದ್ದನ್ನು ಓದಿ ಹೇಳುವ ಹಾಗೆ ಮಾಡಿಕೊಂಡ. ಫೋನಿನಲ್ಲೇ ಆಗುತ್ತದಲ್ಲ ಎಂದೆ. ಒಲೆ ಬಿಚ್ಚಿ ಬಿಚ್ಚಿ ದಪ್ಪಗಾದ ತನ್ನ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿದ. ಲ್ಯಾಪ್‌ಟಾಪಿನ ದನಿ ಡಬ್ಬದೊಳಗೆ ಕೂತ ಗಂಡಸೊಬ್ಬ ಮಾತಾಡಿದಂತಿತ್ತು. ಅವನ ಹೆಂಡತಿ ಕ್ಲೋಡೆಟ್ ಅದಕ್ಕೆ 'ತಗಡು ಗಂಟಲು' ಎಂದು ಹೆಸರಿಟ್ಟಳು. ಅಕ್ಕರೆಯಿಂದ ಇಟ್ಟ ಹೆಸರಲ್ಲ ಅದು.

ಕೆಲವೇ ವಾರದಲ್ಲಿ ನಮಗೆಲ್ಲ ಒಂದು ಪದ್ಧತಿ ರೂಢಿಯಾಯಿತು. ಮುಚ್ಚಳ ತೆರೆದರೆ ಎಲ್ವಿನ್‌ಗೆ ಏನೋ ಹೇಳುವುದಿದೆ, ನಾವು ಬಾಯಿ ಮುಚ್ಚಬೇಕು. ಮುಚ್ಚಿದರೆ ಅವನ ಮಾತು ಮುಗಿಯಿತು, ಈಗ ನಮ್ಮ ಸರದಿ. ಅವನ ಕೈಗೆ ನೆಮ್ಮದಿ ಇಲ್ಲದ್ದರಿಂದ ದಿನವೆಲ್ಲ ಆ ಮುಚ್ಚಳ ಚಟ್ ಎಂದು ತೆರೆಯುತ್ತಿತ್ತು, ಚಟ್ ಎಂದು ಮುಚ್ಚುತ್ತಿತ್ತು. ಊಟದ ನಡುವೆ, ಚರ್ಚಿನಲ್ಲಿ, ನನ್ನ ಟ್ರಕ್ಕಿನ ಮುಂದಿನ ಸೀಟಿನಲ್ಲಿ. ಆ ಸದ್ದಿಗೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು ಎಂದು ಹೇಳಿಯೇ ಬಿಡುತ್ತೇನೆ.

ಜನವರಿಯಲ್ಲಿ ಊರಸಭೆಯ ತಯಾರಿಗೆಂದು ಊರ ಗುಮಾಸ್ತೆ ಮಾವಿಸ್ ಟಟ್ಲ್ ಒಂದು ಸಣ್ಣ ಸಭೆ ಕರೆದಳು. ಗ್ರಂಥಾಲಯದ ಹಿಂದಿನ ಕೋಣೆ, ಹತ್ತು ಹನ್ನೆರಡು ಜನ. ಈ ಸಲ ಅಧ್ಯಕ್ಷರು ಯಾರು ಎಂಬ ಮಾತು ಬಂತು. ಬೇರೆ ವರ್ಷಗಳಲ್ಲಿ ಆ ಮಾತೇ ಬರುತ್ತಿರಲಿಲ್ಲ.

"ಎಲ್ವಿನ್, ನಿನ್ನ ಮನಸ್ಸಲ್ಲಿ ಏನಿದೆ ಹೇಳಪ್ಪ" ಎಂದಳು ಮಾವಿಸ್.

ಅವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ತೆಗೆಯುವಾಗಲೇ ಕೈ ಹಿಂದಕ್ಕೆಳೆದುಕೊಂಡ, ಅಷ್ಟು ಬಿಸಿ. ಮುಚ್ಚಳ ತೆರೆದ. ಪರದೆ ಕಪ್ಪು. ಗುಂಡಿ ಒತ್ತಿದ, ಇನ್ನೊಮ್ಮೆ ಒತ್ತಿದ. ಬ್ಯಾಟರಿ ಪೂರ್ತಿ ಖಾಲಿ. ಬೆಳಿಗ್ಗೆ ಮುಚ್ಚಿ ಚೀಲಕ್ಕೆ ಹಾಕಿದ್ದ ಯಂತ್ರ ಅಲ್ಲಿ ಮಲಗದೆ ಇಡೀ ದಿನ ಓಡಿ, ಕಾದು, ಸತ್ತಿತ್ತು. ಚಾರ್ಜರ್ ಮನೆಯಲ್ಲಿ. ಕೋಣೆಯಲ್ಲಿದ್ದವರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು, ಅವನು ನಮ್ಮೆಲ್ಲರ ಮುಖ ನೋಡುತ್ತಿದ್ದ. ಬಾಯಿ ಒಮ್ಮೆ ತೆರೆಯಿತು, ಗಾಳಿ ಸಹ ಬರಲಿಲ್ಲ.

"ಪರವಾಗಿಲ್ಲ ಬಿಡು" ಎಂದಳು ಮಾವಿಸ್, ಮಗುವಿಗೆ ಹೇಳುವ ಹಾಗೆ. "ಈ ವರ್ಷ ಒಂದು ರೆಸ್ಟ್ ತಗೋ. ನಮ್ಮ ಡೀನಾ ಮಾಡ್ತಾಳೆ."

ಡೀನಾ ವಿಟ್ಕಮ್ ಶಾಲೆಯಲ್ಲಿ ವಾದ್ಯ ಕಲಿಸುವವಳು. ಒಳ್ಳೆಯ ಹೆಂಗಸು, ಗಂಟೆ ಹೊಡೆದಂಥ ದನಿ. "ಎಲ್ವಿನ್ ಒಪ್ಪಿದ್ರೆ ಮಾತ್ರ" ಎಂದಳು. ಒಪ್ಪುತ್ತೇನೆ ಎನ್ನಲು ಅವನಿಗೆ ಮನಸ್ಸಿಲ್ಲ, ಒಪ್ಪುವುದಿಲ್ಲ ಎನ್ನಲು ದನಿಯಿಲ್ಲ. ತಲೆ ಅಡ್ಡಡ್ಡ ಆಡಿಸಿದ್ದನ್ನು ನಾನು ಕಂಡೆ. ಬೇರೆಯವರು ಅಷ್ಟರಲ್ಲಿ ಕಾಫಿಗೆ ಎದ್ದಿದ್ದರು.

ಮನೆಗೆ ಬರುವಾಗ ಟ್ರಕ್ಕಿನಲ್ಲಿ ಅವನು ಮೊಣಕಾಲು ಕುಣಿಸುತ್ತಾ ಕೂತಿದ್ದ. ಮನೆ ಮುಟ್ಟಿದ್ದೇ ಚಾರ್ಜರ್ ಸಿಕ್ಕಿಸಿ, ಕೋಟು ಸಹ ಬಿಚ್ಚದೆ ಟೈಪ್ ಮಾಡಿದ. ತಗಡು ಗಂಟಲು ಹೇಳಿತು: "ನಾನು ನಿಲ್ತೀನಿ. ಮಾರ್ಚಲ್ಲಿ ನಾನು ಆ ಸುತ್ತಿಗೆ ಹಿಡೀತೀನಿ. ಈ ಕತ್ತೆಗೆ ಮಲಗೋದು ಕಲಿಸ್ತೀನಿ."

ಅಲ್ಲಿಂದ ಶುರುವಾಯಿತು. ಊರಸಭೆ ಬೆಳಿಗ್ಗೆ ಕೂತರೆ ಸಂಜೆಯವರೆಗೆ ನಡೆಯುತ್ತದೆ. ಮಾತಾಡದ ಹೊತ್ತಲ್ಲೂ ಲ್ಯಾಪ್‌ಟಾಪ್ ಎಚ್ಚರವಾಗಿದ್ದರೆ ಆ ಹಳೇ ಬ್ಯಾಟರಿ ಮಧ್ಯಾಹ್ನದ ಊಟದವರೆಗೂ ಬಾಳುವುದಿಲ್ಲ. ಮುಚ್ಚಳ ಮುಚ್ಚಿದ ಕೂಡಲೇ ಅದು ನಿದ್ದೆಗೆ ಜಾರಬೇಕು, ತೆರೆದ ಕೂಡಲೇ ಏಳಬೇಕು. ಗೋಡೆಗೆ ತಂತಿ ಎಳೆದುಕೊಂಡು ಅಧ್ಯಕ್ಷಗಿರಿ ಮಾಡು ಎಂದೆ. ಎಲ್ವಿನ್ ಅಧ್ಯಕ್ಷನಾದಾಗ ಒಂದು ಕಡೆ ನಿಂತವನೇ ಅಲ್ಲ. ಹಾಲ್‌ನ ನಡುವಿನ ದಾರಿಯಲ್ಲಿ ಮೇಲೆ ಕೆಳಗೆ ಓಡಾಡುತ್ತಾ ನಡೆಸುವವನು. ಕಟ್ಟಿಹಾಕಿದ ಹಸುವಿನ ಹಾಗೆ ನಿಲ್ಲುವುದಿಲ್ಲ ಎಂದ.

ಲಿನಕ್ಸ್‌ನವರದ್ದೇ ಒಂದು ಹರಟೆಕಟ್ಟೆ ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಪ್ರಶ್ನೆ ಹಾಕಿದ. ಉತ್ತರ ರಾಶಿ ಬಿದ್ದವು. ಲಿನಕ್ಸಿನಲ್ಲೇ ನೂರು ಬಗೆಯಂತೆ. ಒಬ್ಬ ಅಂದ, ನೀನು ಹಾಕಿಕೊಂಡ ಲಿನಕ್ಸೇ ಸರಿಯಿಲ್ಲ, ನಮ್ಮದು ಹಾಕಿಕೋ. ಇನ್ನೊಬ್ಬ ಅವನ ಮೇಲೆ ಬಿದ್ದು ನಮ್ಮದೇ ಸರಿ ಅಂದ. ಮೂರನೆಯವನು ಇಬ್ಬರಿಗೂ ಬೈದ. ನಾನು ಅವನ ಹೆಗಲ ಮೇಲಿಂದ ಓದುತ್ತಿದ್ದೆ. ಊರಸಭೆಯಲ್ಲಿ ಸೇತುವೆ ವಿಷಯ ಬಂದಾಗಲೂ ಜನ ಇಷ್ಟು ಕಚ್ಚಾಡಿರಲಿಲ್ಲ. ಆ ಗದ್ದಲದಲ್ಲಿ ಯಾರೋ ಒಬ್ಬ ಪುಣ್ಯಾತ್ಮ, ಮುಚ್ಚಳದ ಸೆಟ್ಟಿಂಗ್ ಇಂಥ ಫೈಲಿನ ಇಂಥ ಸಾಲಿನಲ್ಲಿದೆ ಎಂದು ಹೇಳಿದ.

ಎಲ್ವಿನ್ ಆ ಫೈಲು ತೆರೆದ. ಸಾಲು ಇತ್ತು, ಅದರ ಮುಂದೆ ಒಂದು ಗುರುತು. ಆ ಗುರುತು ಇರುವ ಸಾಲನ್ನು ಯಂತ್ರ ಓದದೆ ದಾಟುತ್ತದಂತೆ. ಗುರುತು ತೆಗೆದ, ಮುಚ್ಚಿದರೆ ನಿದ್ದೆ ಎಂದು ಬರೆದು ಉಳಿಸಿದ, ಯಂತ್ರ ಆರಿಸಿ ಹಚ್ಚಿದ, ಮುಚ್ಚಳ ಮುಚ್ಚಿದ. ನಾನು ಬಗ್ಗಿ ಕಿವಿ ಕೊಟ್ಟೆ.

"ಫ್ಯಾನ್ ತಿರುಗ್ತಾನೇ ಇದೆ ಮಾರಾಯ" ಎಂದೆ.

ಚಟ್ ಎಂದು ತೆರೆದ. ಸಾಲು ಸರಿಯಾಗಿಯೇ ಇತ್ತು. ಮತ್ತೆ ಮುಚ್ಚಿದ. ಮತ್ತೆ ಫ್ಯಾನ್ ಸದ್ದು. ಹೀಗೆ ವಾರಗಳೇ ಹೋದವು. ನಾನು ಯಾವಾಗ ರಸ್ತೆ ದಾಟಿ ಹೋದರೂ ಅವನು ಅಡುಗೆಮನೆಯ ಮೇಜಿನ ಮುಂದೆ ನಿಂತುಕೊಂಡೇ ಟೈಪ್ ಮಾಡುತ್ತಿದ್ದ. ಕುರ್ಚಿ ಹಿಂದಕ್ಕೆ ಒದ್ದು ಬಿಟ್ಟಿರುತ್ತಿದ್ದ. ಮೊದಲೇ ಕಡ್ಡಿಯಂತಾಗಿದ್ದವನು ಇನ್ನೂ ಇಳಿದ.

ಒಂದು ದಿನ ಕ್ಲೋಡೆಟ್ ಡೋನಟ್ ಕರಿಯುತ್ತಿದ್ದಳು. ಎಲ್ವಿನ್ ಸೌದೆ ತರಲು ಹೊರಗೆ ಹೋದ ಗಳಿಗೆ ನೋಡಿ ನನ್ನ ಕಡೆ ತಿರುಗಿದಳು.

"ನೀನೂ ಸೇರ್ಕೊಂಡು ಕುಣಿಸ್ತಿದ್ದೀಯಲ್ಲ ಮೆರಿಲ್, ನಿಂಗಾದ್ರೂ ಬುದ್ಧಿ ಬೇಡ್ವಾ? ರಾತ್ರಿಯೆಲ್ಲ ಎದ್ದಿರ್ತಾನೆ. ಆ ಡಬ್ಬಕ್ಕೆ ಮಲಗೋದು ಕಲಿಸ್ತೀನಿ ಅಂತ ತಾನು ಮಲಗೋದೇ ಬಿಟ್ಟಿದಾನೆ. ಡಾಕ್ಟ್ರು ಏನಂದ್ರು ಗೊತ್ತಾ? ಒಂದು ವರ್ಷ ಮೈಗೆ ಆಯಾಸ ಮಾಡ್ಕೋಬೇಡ ಅಂದ್ರು."

"ಕೈಗೆ ಕೆಲ್ಸ ಇಲ್ದಿದ್ರೆ ಅವನು ಇನ್ನೂ ಬೇಗ ಹೋಗ್ತಾನೆ ಕ್ಲೋಡೆಟ್" ಎಂದೆ.

"ನೀನು ಆಸ್ಪತ್ರೆ ಹೊರಗೆ ಕೂತಿರ್ಲಿಲ್ಲ. ನಾನು ಕೂತಿದ್ದೆ." ಅವಳು ಜಾಲರಿಯನ್ನು ಎಣ್ಣೆಯಿಂದ ಎತ್ತಿ ಕುಟ್ಟಿದಳು. "ಇಡೀ ಊರಿನ ಮುಂದೆ ಆ ತಗಡು ಗಂಟಲು ತಗೊಂಡು ನಿಲ್ಲೋದು, ಜನ ಒಳಗೊಳಗೇ ನಗೋದು, ಇವನು ಅದನ್ನ ಮನೆಗೆ ಹೊತ್ಕೊಂಡು ಬಂದು ತಿಂಗಳುಗಟ್ಟಲೆ ಅನ್ನ ಬಿಡೋದು. ನನ್ಗೆ ಬೇಡ. ಅವತ್ತು ನಾನು 'ಇಲ್ಲ' ಅಂತ್ಲೇ ಕೂಗ್ತೀನಿ. ಹೇಳಿಬಿಡು ಬೇಕಾದ್ರೆ."

ಹೇಳಬೇಕಾಗಲಿಲ್ಲ. ಎಲ್ವಿನ್ ಸೌದೆ ಹೊತ್ತುಕೊಂಡು ಬಾಗಿಲಲ್ಲೇ ನಿಂತಿದ್ದ. ಸೌದೆಯನ್ನು ಒಲೆಯ ಪಕ್ಕದ ಪೆಟ್ಟಿಗೆಗೆ ಸುರಿದು, ಕೈ ಒರೆಸಿಕೊಂಡು, ಮುಚ್ಚಳ ತೆರೆದ. ನಾವಿಬ್ಬರೂ ರೂಢಿಯಂತೆ ಬಾಯಿ ಮುಚ್ಚಿದೆವು.

"ಕೂಗು. ಆದ್ರೆ ಜೋರಾಗಿ ಕೂಗು. ಬಾಯೊಳಗೇ ಗೊಣಗಿದ್ರೆ ಲೆಕ್ಕಕ್ಕೆ ಸಿಗಲ್ಲ."

ಕ್ಲೋಡೆಟ್ ಅವನನ್ನೇ ದಿಟ್ಟಿಸಿದಳು. ಅವನು ಡೋನಟ್ ಒಂದನ್ನು ಎತ್ತಿಕೊಂಡು, ಬಿಸಿ ತಾಳಲಾಗದೆ ಕೈಯಿಂದ ಕೈಗೆ ಬದಲಿಸುತ್ತಾ, ಇನ್ನೊಂದು ಕೈಗೆ ಬಿಡುವು ಸಿಕ್ಕಾಗ ಚಟ್ ಎಂದು ಮುಚ್ಚಿದ. ಫ್ಯಾನ್ ತಿರುಗುತ್ತಲೇ ಇತ್ತು.

ಫೆಬ್ರವರಿ ನಡುವಿನಲ್ಲಿ ಹಗಲು ಹಿಮ ಕರಗತೊಡಗಿತು. ನಾವು ಮೇಪಲ್ ಮರಗಳಿಗೆ ಕೊಳವೆ ಹಾಕಲು ಹೊರಟೆವು. ಸಕ್ಕರೆಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟವನು ಖಾಲಿ ಹಲಗೆಯನ್ನು ನೋಡುತ್ತಾ ನಿಂತುಬಿಟ್ಟ. ಆಮೇಲೆ ತನ್ನ ಹಣೆಗೆ ತಾನೇ ಫಟ್ಟೆಂದು ಹೊಡೆದುಕೊಂಡ. ನನ್ನ ತೋಳು ಹಿಡಿದು ಎಳೆದುಕೊಂಡು ಮನೆಗೆ ವಾಪಸ್ಸು, ಕೊಳವೆಗಳು ಹಿಮದ ಮೇಲೇ ಬಿದ್ದಿದ್ದವು.

ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ಹಬೆಯಲ್ಲಿ ಮುಚ್ಚಿಟ್ಟಾಗ ಯಂತ್ರ ಮಲಗಬಾರದು ಎಂದು ಅವನೇ ಬೇರೆ ಒಂದು ಕಡೆ ಇನ್ನೊಂದು ಸಣ್ಣ ಫೈಲು ಬರೆದಿಟ್ಟಿದ್ದ. ಮುಚ್ಚಳ ಮುಚ್ಚಿದರೆ ಗಮನ ಕೊಡಬೇಡ ಎಂದು. ಎರಡು ಕಡೆ ಎರಡು ಮಾತಿದ್ದರೆ ಲಿನಕ್ಸ್ ಆ ಸಣ್ಣ ಫೈಲಿನ ಮಾತನ್ನೇ ಕೇಳುತ್ತದಂತೆ. ಇವನು ವಾರಗಟ್ಟಲೆ ದೊಡ್ಡ ಫೈಲನ್ನು ತಿದ್ದಿದ್ದೇ ತಿದ್ದಿದ್ದು. ಸಣ್ಣದನ್ನು ತೆರೆದ. ಅದರ ತಲೆಯ ಮೇಲೆ ಅವನದೇ ಬರಹ: 'ಇದನ್ನು ಯಾವ ಮೂರ್ಖನೂ ಮುಟ್ಟಬಾರದು.' ನನಗೆ ನಗು ತಡೆಯಲಾಗಲಿಲ್ಲ. ಅವನಿಗೂ ನಗು ಬಂತು. ದನಿಯಿಲ್ಲದ ನಗು, ಹೆಗಲು ಮಾತ್ರ ಕುಣಿಯುತ್ತದೆ. ಮೊದಲ ಸಲ ಕಂಡಾಗ ಅಳುತ್ತಿದ್ದಾನೆಂದು ಹೆದರಿದ್ದೆ, ಈಗ ಗೊತ್ತು.

ಆ ಸಣ್ಣ ಫೈಲನ್ನು ಅಳಿಸಿದ. ಯಂತ್ರವನ್ನು ಆರಿಸಿ ಹಚ್ಚಿದ್ದರೆ ಸಾಕಿತ್ತು. ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮುಚ್ಚಳ ನೋಡಿಕೊಳ್ಳುವ ಒಳಗಿನ ಭಾಗವನ್ನಷ್ಟೇ ಒಂದು ಆಜ್ಞೆ ಕೊಟ್ಟು ಎಬ್ಬಿಸಲು ಹೋದ. ಪರದೆ ಒಮ್ಮೆ ಮಿಣುಕಿ, ತೆರೆದಿದ್ದನ್ನೆಲ್ಲ ಎತ್ತಿ ಎಸೆದು, ಹೊಸದಾಗಿ ಹಚ್ಚಿದಾಗಿನ ಹಾಗೆ ಅವನ ಹೆಸರು ಕೇಳುತ್ತಾ ನಿಂತಿತು. ಸಭೆಯಲ್ಲಿ ಓದಿಸಲೆಂದು ಹತ್ತು ದಿನದಿಂದ ಬರೆದು ಬರೆದು ಉಳಿಸದೇ ಇಟ್ಟಿದ್ದ ಭಾಷಣ ಅದರಲ್ಲಿತ್ತು. ಹೋಯಿತು. ನಾನಾಗಿದ್ದರೆ ಲ್ಯಾಪ್‌ಟಾಪನ್ನು ಹಿಮಕ್ಕೆ ಎಸೆಯುತ್ತಿದ್ದೆ. ಅವನು ಭುಜ ಕುಣಿಸಿ, ಮುಚ್ಚಳ ಮುಚ್ಚಿದ.

ಫ್ಯಾನ್ ನಿಂತಿತು. ಅಂಚಿನ ಪುಟ್ಟ ಬಿಳಿ ದೀಪ ನಿಧಾನವಾಗಿ ಹತ್ತುತ್ತಾ ಆರುತ್ತಾ ಇತ್ತು. ಮಲಗಿದಾಗ ಅದು ಹಾಗೆ ಮಾಡುತ್ತದಂತೆ. ಕ್ಲೋಡೆಟ್ ಕೈಯಲ್ಲಿದ್ದ ಪಾತ್ರೆ ಹಿಡಿದುಕೊಂಡೇ ಬಂದು ನೋಡಿದಳು.

ಆದರೂ ಒಂದು ಕೊರತೆ ಉಳಿಯಿತು. ಆ ಯಂತ್ರಕ್ಕೆ ಎರಡು ಥರದ ನಿದ್ದೆ. ಒಂದು ಕೋಳಿನಿದ್ದೆ, ತೆರೆದ ತಕ್ಷಣ ಏಳುತ್ತದೆ, ಆದರೆ ಮಲಗಿದಾಗಲೂ ಬ್ಯಾಟರಿ ತಿನ್ನುತ್ತದೆ. ಇನ್ನೊಂದು ಗಾಢ ನಿದ್ದೆ, ಬ್ಯಾಟರಿ ಮುಟ್ಟುವುದಿಲ್ಲ, ಏಳಲು ಮಾತ್ರ ತಡ. ನಾವು ಉಸಿರು ಬಿಗಿಹಿಡಿದು ಬಿಡುವಷ್ಟು ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ಎಲ್ವಿನ್‌ಗೆ ಆ ಹೊತ್ತು ನರಕ. ಬೆರಳುಗಳು ಕೀಲಿಗಳ ಮೇಲೆ ಕುಣಿಯುತ್ತಾ ಕಾಯುತ್ತಿದ್ದವು. ಕೋಳಿನಿದ್ದೆಗೆ ಇಟ್ಟು ಒಂದು ದಿನ ನೋಡಿದ, ಊಟದ ಹೊತ್ತಿಗೆ ಬ್ಯಾಟರಿ ಅರ್ಧ. ಬೈದುಕೊಳ್ಳುತ್ತಾ ಗಾಢ ನಿದ್ದೆಗೇ ಇಟ್ಟ. ತಗಡು ಗಂಟಲಿನಲ್ಲಿ ಬೈಗುಳ ಕೇಳಲು ಬಹಳ ಮಜವಾಗಿತ್ತು.

ಸಭೆಯ ದಿನ ಬಂತು. ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ರಸ್ತೆಯೆಲ್ಲ ಜಾರುತ್ತಿತ್ತು. ಶಾಲೆಯ ಹಾಲ್ ತುಂಬ ಮಡಚುವ ಕುರ್ಚಿಗಳು, ಒದ್ದೆ ಬೂಟುಗಳು, ಹಿಂದಿನ ಮೇಜಿನ ಮೇಲೆ ಊಟಕ್ಕೆಂದು ತಂದಿಟ್ಟ ಬೀನ್ಸ್ ಕಾಳು ಬೇಯಿಸಿದ ಪಾತ್ರೆಗಳು. ಹೆಂಗಸರು ಉಲ್ಲನ್ ಹೆಣೆಯುತ್ತಿದ್ದರು. ಎಲ್ವಿನ್ ಕೂರುತ್ತಿದ್ದ, ಏಳುತ್ತಿದ್ದ, ಕಿಟಕಿಗೆ ಹೋಗಿ ಬರುತ್ತಿದ್ದ. ಕಂಕುಳಲ್ಲಿ ಮುಚ್ಚಿದ ಲ್ಯಾಪ್‌ಟಾಪ್. ನಡುನಡುವೆ ಅದರ ತಳಕ್ಕೆ ಅಂಗೈ ಇಟ್ಟು ನೋಡಿಕೊಳ್ಳುತ್ತಿದ್ದ, ತಣ್ಣಗಿದೆಯೇ ಎಂದು. ಕ್ಲೋಡೆಟ್ ನಮ್ಮ ಸಾಲು ಬಿಟ್ಟು ಹಿಂದಿನ ಗೋಡೆಯ ಹತ್ತಿರ ಹೋಗಿ ಕೂತಳು.

ಅಧ್ಯಕ್ಷರು ಆಯ್ಕೆಯಾಗುವವರೆಗೆ ಸಭೆ ನಡೆಸುವುದು ಗುಮಾಸ್ತೆ ಮಾವಿಸ್. ಹೆಸರು ಸೂಚಿಸಿ ಎಂದಳು. ನಾನು ಎದ್ದು ಎಲ್ವಿನ್ ಬುಷೇ ಎಂದೆ. ಬೇರೆಯವರು ಡೀನಾ ವಿಟ್ಕಮ್ ಎಂದರು. ಡೀನಾ ಎದ್ದು ಚೊಕ್ಕವಾಗಿ ನಾಲ್ಕು ಮಾತಾಡಿದಳು. ಮೈಕು ಬೇಡದ ದನಿ, ಕೊನೆಯ ಸಾಲಿನವರೂ ತಲೆದೂಗಿದರು.

ಎಲ್ವಿನ್ ನಡುವಿನ ದಾರಿಗೆ ಬಂದ. ಲ್ಯಾಪ್‌ಟಾಪನ್ನು ಒಂದು ಕೈಯ ಮೇಲೆ ತಟ್ಟೆಯ ಹಾಗೆ ಹಿಡಿದು ಮುಚ್ಚಳ ತೆರೆದ. ಪರದೆ ಕಪ್ಪು. ಸೇರಿದ್ದವರೆಲ್ಲ ಕಾದರು. ಯಾರೋ ಕೆಮ್ಮಿದರು. ಜನವರಿಯ ಆ ಕೋಣೆ ನನಗೆ ನೆನಪಾಯಿತು. ಅಷ್ಟರಲ್ಲಿ ಪರದೆ ಬೆಳಗಿತು.

"ಏಳೋದು ಸ್ವಲ್ಪ ತಡ. ನನ್ನ ವಯಸ್ಸಿನವರಿಗೆಲ್ಲ ಗೊತ್ತಿರೋ ವಿಷಯ" ಎಂದಿತು ತಗಡು ಗಂಟಲು. ಹಾಲ್ ಗೊಳ್ಳೆಂದಿತು. ಒಳಗೊಳಗಿನ ನಗುವಲ್ಲ, ಬಾಯಿತುಂಬ ನಗು. "ಅಧ್ಯಕ್ಷ ಮಾತಾಡೋಕೆ ಇರೋನಲ್ಲ, ಕೇಳೋಕೆ ಇರೋನು. ಇಷ್ಟು ವರ್ಷ ನಾನು ಅದನ್ನ ತಪ್ಪು ಮಾಡಿದೆ, ಬರೀ ಮಾತಾಡಿದೆ. ಈಗ ಸರಿಯಾಗಿ ಮಾಡೋಕೆ ಆಸೆ ಇದೆ. ನನಗೆ ಈ ಕೆಲಸ ಬೇಕು." ಅಷ್ಟೆ. ಚಟ್ ಎಂದು ಮುಚ್ಚಿದ. ನಾನು ಗೆದ್ದೆವು ಅಂದುಕೊಂಡೆ.

ಮೊದಲು ಸೂಚಿಸಿದ ಹೆಸರಿಗೇ ಮೊದಲು ಮತ. ಮಾವಿಸ್ ಕನ್ನಡಕ ಸರಿಮಾಡಿಕೊಂಡಳು. "ಎಲ್ವಿನ್ ಬುಷೇ ಅಧ್ಯಕ್ಷರಾಗಲಿ ಅನ್ನೋರು ಹೌದು ಅನ್ನಿ."

ನಾನು ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಸುತ್ತಲೂ ಎಲ್ಲರೂ ಕೂಗಿದರು. ಛಾವಣಿ ಹಾರುವಷ್ಟು ಸದ್ದು.

"ಬೇಡ ಅನ್ನೋರು ಇಲ್ಲ ಅನ್ನಿ."

ಅದೂ ಅಷ್ಟೇ ದೊಡ್ಡದಾಗಿ ಬಂತು. ಅವನ ಮೇಲೆ ಸಿಟ್ಟಿದ್ದವರ ಕೂಗಲ್ಲ. ಅವನ ಕೈಯಲ್ಲಿ ಒಲೆ ಮಾಡಿಸಿಕೊಂಡವರು, ಅವನಿದ್ದ ಆಸ್ಪತ್ರೆಗೆ ಹೂವು ಕಳಿಸಿದವರು, ಪಾಪ ಮಲಗಲಿ, ಸುಧಾರಿಸಿಕೊಳ್ಳಲಿ ಎನ್ನುವವರು. ಸಿಟ್ಟಿನ ಜೊತೆ ಜಗಳ ಆಡಬಹುದು, ಕನಿಕರದ ಜೊತೆ ಏನು ಆಡುವುದು? ನನಗೆ ಮೈಯೆಲ್ಲ ಉರಿದುಹೋಯಿತು.

ಮಾವಿಸ್ ಆ ಕಡೆ ಈ ಕಡೆ ನೋಡಿದಳು. ಅವಳಿಗೆ ತಿಳಿಯಲಿಲ್ಲ. ಇಂಥ ಹೊತ್ತಲ್ಲಿ ಇಷ್ಟು ವರ್ಷ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಪೆನ್ನು ಹಿಡಿದುಕೊಂಡು, ಬರೆದುಕೊಳ್ಳಲು ತಯಾರಾಗಿ, ಎಲ್ವಿನ್‌ನ ಕಡೆ ತಿರುಗಿದಳು.

"ಯಾವ್ದು ಜಾಸ್ತಿ ಎಲ್ವಿನ್?"

ಬಾಯಿಂದ ಬಂದ ಮೇಲೆ ಅವಳಿಗೆ ಅರಿವಾಯಿತು. ಮುಖ ಕೆಂಪಾಯಿತು. ಒಂದಿಬ್ಬರು ನಗಲು ಹೊರಟು ನಿಲ್ಲಿಸಿದರು. ಹೆಣಿಗೆಯ ಕಡ್ಡಿಗಳು ಸಹ ನಿಂತವು. ತನ್ನ ಆಯ್ಕೆಗೆ ಬಿದ್ದ ದನಿಯನ್ನು ತಾನೇ ತೂಗಿ ಹೇಳು ಎಂದು ಯಾರನ್ನು ಕೇಳುತ್ತಾರೆ? ಆದರೆ ಕೇಳಿ ಆಗಿತ್ತು. ಹಾಲ್‌ನಲ್ಲಿ ಒಬ್ಬನಾದರೂ ಅದು ಸರಿಯಲ್ಲ ಎನ್ನಲಿಲ್ಲ. ಅವನು ಏನು ಹೇಳಿದರೂ ಅದೇ ಆಗುತ್ತದೆ ಎಂದು ನನಗೆ ಗೊತ್ತಾಯಿತು. ಹೌದು ಅನ್ನು, ಹೌದು ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಎಲ್ವಿನ್ ಮುಚ್ಚಳ ತೆರೆದ. ಪರದೆ ಕಪ್ಪು. ಇಷ್ಟು ದಿನ ಆ ಹೊತ್ತಿನಲ್ಲಿ ಕೀಲಿಗಳ ಮೇಲೆ ಕುಣಿಯುತ್ತಿದ್ದ ಬೆರಳುಗಳು ಈಗ ಅಲುಗಾಡಲಿಲ್ಲ. ಅವನ ತಲೆ ಸ್ವಲ್ಪ ಓರೆಯಾಗಿತ್ತು. ಆಗಲೇ ಆರಿಹೋದ ಕೂಗನ್ನು ಇನ್ನೂ ಕೇಳುತ್ತಾ ನಿಂತವನಂತೆ ಕಂಡ. ಬೆಳಕು ಬಂತು. ಟೈಪ್ ಮಾಡಿದ.

"ಇಲ್ಲ ಅನ್ನೋರು ಗೆದ್ದಿದ್ದಾರೆ" ಎಂದಿತು ಲ್ಯಾಪ್‌ಟಾಪ್.

ನಾನು ಕುರ್ಚಿ ಬೀಳಿಸಿಕೊಂಡು ಎದ್ದೆ. "ತಲೆ ಎಣಿಸಿ. ನಾನು ಕೇಳ್ತಿದೀನಿ, ಎಣಿಸಿ." ಏಳು ಜನ ಬೇಕು. ನನ್ನ ಹಿಂದೆ ಯಾರೋ ಎದ್ದರು, ಕಿಟಕಿಯ ಬಳಿ ಇಬ್ಬರು ಎದ್ದರು. ಹಾಲ್‌ನ ಆಚೆ ಬದಿಯಿಂದ ಡೀನಾ ತಾನೇ ಎದ್ದಳು. ಇನ್ನೂ ಏಳುವವರಿದ್ದರು. ಎಲ್ವಿನ್ ನನ್ನ ಕಡೆ ನೋಡಿದ. ಮುಚ್ಚಳ ಇನ್ನೂ ತೆರೆದೇ ಇತ್ತು.

"ನಾನು ಕೇಳಿಸ್ಕೊಂಡಿದ್ದೀನಿ ಮೆರಿಲ್. ಕೂತ್ಕೋ."

ಹತ್ತೊಂಬತ್ತು ವರ್ಷ ಅವನು ಕೂರು ಎಂದಾಗ ನಾವೆಲ್ಲ ಕೂತಿದ್ದೆವು. ಕೂತೆ. ಎದ್ದವರೆಲ್ಲ ಒಬ್ಬೊಬ್ಬರಾಗಿ ಕೂತರು. ಅವನು ಮುಚ್ಚಳವನ್ನು ಚಟ್ ಎನ್ನಿಸದ ಹಾಗೆ ಎರಡು ಕೈಯಲ್ಲಿ ಮುಚ್ಚಿ, ಬಂದು ನನ್ನ ಪಕ್ಕದಲ್ಲಿ ಕೂತ. ಡೀನಾಳ ಆಯ್ಕೆ ಒಂದೇ ಕೂಗಿಗೆ ಮುಗಿಯಿತು. ಅವಳು ಮುಂದೆ ಹೋಗಿ ಸುತ್ತಿಗೆ ಎತ್ತಿಕೊಂಡಳು.

ಊಟದ ಸಾಲಿನಲ್ಲಿ ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ನನಗೆ ಸಿಟ್ಟು ಇಳಿದಿರಲಿಲ್ಲ. "ನಿಜ ಹೇಳು. ಅಷ್ಟು ಖಚಿತ ಇತ್ತಾ ನಿಂಗೆ? ಎಷ್ಟು ಜನ ಹೆಚ್ಚಿದ್ರು?"

ತಟ್ಟೆಯನ್ನು ಮೇಜಿನ ಮೇಲಿಟ್ಟು ಲ್ಯಾಪ್‌ಟಾಪ್ ತೆರೆದ. ಸಾಲಿನಲ್ಲಿದ್ದವರೆಲ್ಲ ಸುಮ್ಮನಾಗಿ ಕಾದರು. ಮೇಜಿನ ಆಚೆ ಕ್ಲೋಡೆಟ್ ಸೌಟು ಹಿಡಿದು ಎಲ್ಲರಿಗೂ ಬೀನ್ಸ್ ಕಾಳು ಬಡಿಸುತ್ತಿದ್ದಳು. ಅವಳು ಬೆಳಗಿನಿಂದ ಅವನ ಮುಖ ನೋಡಿರಲಿಲ್ಲ, ಆಗಲೂ ಪಾತ್ರೆಯನ್ನೇ ನೋಡುತ್ತಿದ್ದಳು.

"ಒಂದೋ ಎರಡೋ, ಅಷ್ಟೇ" ಎಂದಿತು ತಗಡು ಗಂಟಲು. "ಅದರಲ್ಲಿ ಒಂದು ಗೋಡೆ ಹತ್ತಿರದಿಂದ ಬಂತು. ಇಡೀ ಹಾಲಲ್ಲಿ ಅಷ್ಟು ಸ್ಪಷ್ಟವಾಗಿ ಯಾರೂ ಕೂಗಲಿಲ್ಲ. ಕೇಳಿಸ್ಲಿಲ್ಲ ಅನ್ನೋಕೆ ನನಗೆ ಆಗ್ಲಿಲ್ಲ."

ಕ್ಲೋಡೆಟ್‌ಳ ಸೌಟು ಪಾತ್ರೆಯೊಳಗೇ ನಿಂತಿತು. ಅವಳು ಅವನ ತಟ್ಟೆಗೆ ಬಡಿಸಿದಳು, ಸಾಕು ಎಂದು ಅವನು ಕೈ ಅಡ್ಡ ಹಿಡಿದರೂ ಬಡಿಸುತ್ತಲೇ ಇದ್ದಳು. ಅವಳ ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. "ತಿನ್ನು" ಎಂದಳು.

ನಾನು ತಟ್ಟೆ ಹಿಡಿದುಕೊಂಡು ಹೋಗಿ ಅವನ ಪಕ್ಕ ಕೂತೆ. ಬೆಳಿಗ್ಗೆ ಅವನಿಗಾಗಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಕೂಗುವಾಗ ನನಗೆ ನನ್ನ ದನಿ ಬಿಟ್ಟು ಬೇರೆ ಏನೂ ಕೇಳಿಸಿರಲಿಲ್ಲ.